ಜೀನಿಲ್ಲದೆ ದೂರದ ಸವಾರಿ: ಬೇರ್‌ಬ್ಯಾಕ್ ಪ್ಯಾಡ್ ನಂಬಿ ಎಷ್ಟು ದೂರ ಹೋಗಬಹುದು?

ಯಗಚಿ ದಂಡೆ

ಬೇಲೂರಿನಿಂದ ಚಿಕ್ಕಮಗಳೂರಿಗೆ ಸುಮಾರು 25 ಕಿ.ಮೀ. ಮುಖ್ಯರಸ್ತೆ ಬಿಟ್ಟು ಊರೊಳಗಿನ ಮಣ್ಣುರಸ್ತೆ, ತೋಟದ ದಾರಿ ಹಿಡಿದು ಡಿಸೆಂಬರಿನಲ್ಲಿ ಕುದುರೆ ಮೇಲೆ ಹೋಗುವ ಯೋಚನೆ ಇದೆ. ಮಾರನೇ ದಿನವೇ ವಾಪಸ್. ಕುದುರೆ ಕಾಠಿಯಾವಾಡಿ ಬೆರಕೆ ಹೆಣ್ಣು, ಎಂಟು ವರ್ಷ. ಎದೆಸುತ್ತಳತೆ 165 ಸೆಂ.ಮೀ., ಉದ್ದ 150 ಸೆಂ.ಮೀ. ಸವಾರನ ತೂಕ 62 ಕೆ.ಜಿ.

ಈಗಿರುವ ಜೀನು ಹೆಗಲ ಹತ್ತಿರ ಒತ್ತುತ್ತದೆ. ಅದನ್ನು ಬಿಟ್ಟು ಬೇರ್‌ಬ್ಯಾಕ್ ಪ್ಯಾಡ್, ಅಂದರೆ ಚೌಕಟ್ಟಿಲ್ಲದೆ ಬೆನ್ನಿಗೆ ಕಟ್ಟುವ ಮೆತ್ತೆ, ಹಾಕಿದರೆ ಕುದುರೆಗೂ ಹಗುರ ಅಂತ ಲೆಕ್ಕ. ಆನ್‌ಲೈನಿನಲ್ಲಿ ಸಿಗೋ ಪ್ಯಾಡುಗಳಲ್ಲಿ ಕೆಲವಕ್ಕೆ ಕಾಲು ಊರುವ ರಿಕಾಪೂ ಇದೆ. ಪ್ಯಾಡ್ ಸಾಕಾ? ರಿಕಾಪು ಇರೋದು ತಗೊಳ್ಳೋದಾ, ಬೇಡವಾ? ಫೋಮ್ ಪ್ಯಾಡ್ ಬದಲು ನಮ್ಮ ಕಂಬಳಿ ಮಡಿಸಿ ಹಾಕಿದರೆ ಆಗಲ್ವಾ?

ಕಡೂರು ಬಯಲು

ಮೊದಲು ತೂಕದ ಲೆಕ್ಕ ಮಾಡೋಣ, ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ. ಎದೆಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕೆ.ಜಿ. ಸಿಗುತ್ತೆ. ಉದ್ದ ಅಂದರೆ ಮುಂದಿನ ಭುಜದ ಮೂಳೆಯ ತುದಿಯಿಂದ ಹಿಂದಿನ ಪೃಷ್ಠದ ಮೂಳೆಯ ತುದಿಯವರೆಗೆ. 165 × 165 × 150 ÷ 11,880 = ಸುಮಾರು 344 ಕೆ.ಜಿ. ಸವಾರ ಮತ್ತು ಸಾಮಾನು ಸೇರಿ ಕುದುರೆ ತೂಕದ 20% ದಾಟಬಾರದು ಅನ್ನೋದು ಬಹಳ ಜನ ಒಪ್ಪಿರುವ ಮಿತಿ, ಅಂದರೆ ಇಲ್ಲಿ 69 ಕೆ.ಜಿ. 62 ಕೆ.ಜಿ. ಸವಾರ, 2 ಕೆ.ಜಿ. ಪ್ಯಾಡು ಸೇರಿದರೆ 18.6%. ಮಿತಿಯೊಳಗೇ ಇದೆ.

ಆದರೆ ಆ 20% ಒಳ್ಳೆಯ ಜೀನು ಇದ್ದಾಗಿನ ಮಾತು. ಜೀನಿನೊಳಗಿನ ಮರದ ಚೌಕಟ್ಟಿಗೆ ಒಂದೇ ಮುಖ್ಯ ಕೆಲಸ: ಸವಾರನ ಭಾರವನ್ನು ಬೆನ್ನೆಲುಬಿನ ಮೇಲೆ ಬೀಳದಂತೆ ತಡೆದು, ಎರಡೂ ಪಕ್ಕದ ಪಕ್ಕೆಲುಬುಗಳ ಮೇಲಿನ ಸ್ನಾಯುವಿಗೆ ಉದ್ದಕ್ಕೂ ಹಂಚುವುದು. ಚೌಕಟ್ಟು ತೆಗೆದ ಕೂಡಲೇ ಭಾರವೆಲ್ಲ ನಮ್ಮ ಎರಡು ಕೂರುವ ಮೂಳೆಗಳ ಕೆಳಗೆ ಬಂದು ಕೂರುತ್ತದೆ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಹಿಲರಿ ಕ್ಲೇಟನ್ ಮತ್ತು ಜೊತೆಗಾರರು ಒತ್ತಡ ಅಳೆಯುವ ಹಾಸು ಹಾಕಿ ಇದನ್ನೇ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ್ದಾರೆ. ಜೀನಿಲ್ಲದಾಗ ಬೆನ್ನಿಗೆ ತಾಗುವ ಜಾಗ ಕಡಿಮೆ, ಸರಾಸರಿ ಒತ್ತಡವೂ ಗರಿಷ್ಠ ಒತ್ತಡವೂ ಹೆಚ್ಚು. ಜೀನಿನ ತೂಕ ಇಲ್ಲ, ಒಟ್ಟು ಭಾರ ಕಡಿಮೆಯೇ, ಆದರೂ ಒಂದೊಂದು ಜಾಗದಲ್ಲಿ ಬೀಳುವ ಒತ್ತಡ ಜಾಸ್ತಿ. ಟ್ರಾಟ್‌ನಲ್ಲಿ (ಕುದುರೆಯ ಕುಲುಕು ಓಟ) ಪ್ರತಿ ಹೆಜ್ಜೆಗೂ ಸವಾರನ ತೂಕದ ಸುಮಾರು ಎರಡರಷ್ಟು ಬಲ ಬೆನ್ನಿಗೆ ಬೀಳುತ್ತೆ ಅನ್ನೋದನ್ನೂ ಇದಕ್ಕೆ ಸೇರಿಸಿ ನೋಡಿ.

ಹಾಗಾಗಿ ಬರೀ ಬೆನ್ನಿಗೆ ಅಥವಾ ಪ್ಯಾಡಿಗೆ ನಾನು ಹೇಳೋ ಮಿತಿ 15%. ಈ ಕುದುರೆಗೆ ಅದು ಸುಮಾರು 52 ಕೆ.ಜಿ. 62 ಕೆ.ಜಿ. ಸವಾರ ಅರ್ಧ ಗಂಟೆ, ಮುಕ್ಕಾಲು ಗಂಟೆ ಅಡ್ಡಾಡಿ ಬಂದರೆ ತೊಂದರೆಯಿಲ್ಲ. 25 ಕಿ.ಮೀ. ಇಡೀ ದಾರಿ ಅವಳ ಮೇಲೇ ಕೂತು ಹೋಗೋದು ಸರಿಯಲ್ಲ.

ಪ್ಯಾಡ್ ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಪ್ಯಾಡನ್ನು ಮೇಜಿನ ಮೇಲೆ ಹಾಸಿ. ನಿಮ್ಮ ಅಂಗೈ ಮೇಲ್ಮುಖ ಮಾಡಿ ಅದರ ಕೆಳಗಿಡಿ. ಇನ್ನೊಬ್ಬರು ಸರಿಯಾಗಿ ಅದರ ಮೇಲೆ ಮೊಣಕೈ ಊರಿ, ಮೈಭಾರ ಬಿಟ್ಟು, ಎರಡು ನಿಮಿಷ ಹಾಗೇ ಇರಲಿ. ಮೊದಲ ಹತ್ತು ಸೆಕೆಂಡು ಎಲ್ಲ ಪ್ಯಾಡೂ ಮೆತ್ತಗೇ ಇರುತ್ತೆ. ಮೆಮೊರಿ ಫೋಮ್ ಬಿಸಿ ತಾಗಿದಷ್ಟೂ ಕರಗಿದ ಹಾಗೆ ಒಳಗೆ ಹೋಗುತ್ತೆ, ಎರಡನೇ ನಿಮಿಷಕ್ಕೆ ಮೊಣಕೈ ಮೂಳೆಯ ಆಕಾರ ಅಂಗೈಗೆ ಗೊತ್ತಾಗುತ್ತೆ. ಗೊತ್ತಾಯ್ತು ಅಂದರೆ ಆ ಪ್ಯಾಡ್ ಕುದುರೆಯ ಬೆನ್ನಿಗೆ ಇಲ್ಲದ ಹಾಗೇ. ಸವಾರನ ಕುಂಡಿಗೆ ಹಿತವಾಗಿರೋದು ಬೇರೆ, ಕುದುರೆಯ ಬೆನ್ನಿಗೆ ಒತ್ತಡ ತಗ್ಗೋದು ಬೇರೆ. ಅಂಗಡಿಯವರು ಮೊದಲನೆಯದನ್ನು ತೋರಿಸಿ ಮಾರುತ್ತಾರೆ.

ಬಾಳುಪೇಟೆ

ಕಡೂರಿನವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಅವರ ಹೋಲಿಕೆ ಸರಿಯಾಗಿ ಕೂರುವ ಜೀನಿನ ಜೊತೆ. ಇಲ್ಲಿ ಇರೋದು ಹೆಗಲಿಗೆ ಒತ್ತುವ ಜೀನು! ಹಾಸನ, ಚಿಕ್ಕಮಗಳೂರು ಕಡೆ ಜೀನನ್ನು ಕುದುರೆಯ ಬೆನ್ನಿಗೆ ಅಳತೆ ಮಾಡಿ ಕೂರಿಸಿಕೊಡುವವರು ಸಿಗೋದೇ ಕಷ್ಟ. ಕಾನ್ಪುರದ ಜೀನಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ, ಚರ್ಮದ ಕೆಲಸ ಚೆನ್ನಾಗಿರುತ್ತೆ, ಆದರೆ ಬರೋದು ಸಿದ್ಧ ಅಳತೆಯಲ್ಲಿ, ಅದೂ ಹೆಚ್ಚಾಗಿ ದೊಡ್ಡ ಥರೋಬ್ರೆಡ್ ತಳಿಯ ಮೈಗೆ. ನಮ್ಮ ಕಾಠಿಯಾವಾಡಿ, ಮಾರ್ವಾಡಿ, ನಾಡು ತಟ್ಟುಗಳಿಗೆ ಅದು ಸುಮ್ಮನೆ ಕೂರಲ್ಲ. ಹೆಗಲು ಹಿಂಡುವ ಜೀನಿನಲ್ಲಿ 25 ಕಿ.ಮೀ. ಹೋಗೋದಕ್ಕಿಂತ, ಹಗುರ ಸವಾರ ಪ್ಯಾಡಿನ ಮೇಲೆ ನಿಧಾನ ನಡಿಗೆಯಲ್ಲಿ ಹೋಗೋದು ಮೇಲು.

ಪ್ಯಾಡಿಗೆ ಯಾವ ಬೆನ್ನು ಒಗ್ಗುತ್ತೆ ಅಂತ ನೋಡೋದು ಸುಲಭ. ಕುದುರೆಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಹಿಂದಿನಿಂದ ಎತ್ತರದ ಕಲ್ಲಿನ ಮೇಲೆ ನಿಂತು ಬೆನ್ನು ನೋಡಿ (ಒದೆತಕ್ಕೆ ಸಿಗದಷ್ಟು ದೂರ). ಬೆನ್ನೆಲುಬಿನ ಎರಡೂ ಕಡೆ ಸ್ನಾಯು ಉಬ್ಬಿ, ನಡುವೆ ಸಣ್ಣ ಕಾಲುವೆಯ ಹಾಗಿದ್ದರೆ ಒಳ್ಳೇದು. ಎಲುಬು ಮೇಲೆದ್ದು ಎರಡೂ ಕಡೆ ಮನೆ ಸೂರಿನ ಹಾಗೆ ಇಳಿದಿದ್ದರೆ ಪ್ಯಾಡ್ ಮಾತು ಬಿಡಿ. ಅಂಥ ಬೆನ್ನಿಗೆ ಮೊದಲು ಮೇವು, ವ್ಯಾಯಾಮ, ಆಮೇಲೆ ಸವಾರಿ.

ಇನ್ನೊಂದು ವಿಷಯ. ಜೀನು "ಒತ್ತುತ್ತೆ" ಅಂದಿರಿ, ಹೇಗೆ ಒತ್ತುತ್ತೆ? ಸವಾರ ಕೂತಾಗ ಜೀನಿನ ಮುಂಭಾಗ ಇಳಿದು ಹೆಗಲ ದಿಬ್ಬಕ್ಕೆ (ಕತ್ತು ಬೆನ್ನು ಸೇರುವಲ್ಲಿನ ಉಬ್ಬು) ಮೇಲಿಂದ ತಾಗಿದರೆ ಅದು ಅಗಲ ಜಾಸ್ತಿ ಇರುವ ಜೀನು. ಮುಂಭಾಗದ ಎರಡೂ ಪಕ್ಕ ಉಣ್ಣೆಯ ತುಂಡು ಕೊಟ್ಟು ಎತ್ತಿದರೆ ಎಷ್ಟೋ ಸಲ ಸರಿಹೋಗುತ್ತೆ. ಸವಾರ ಕೂತ ಮೇಲೂ ದಿಬ್ಬಕ್ಕೂ ಜೀನಿಗೂ ನಡುವೆ ಎರಡು ಮೂರು ಬೆರಳು ಹೋಗಬೇಕು. ಹಾಗಲ್ಲದೆ ದಿಬ್ಬದ ಎರಡು ಪಕ್ಕ ಹಿಂಡುತ್ತಿದ್ದರೆ ಅದು ಕಿರಿದಾದ ಜೀನು. ಅದರ ಕೆಳಗೆ ಏನು ಮೆತ್ತೆ ತುರುಕಿದರೂ ಇನ್ನಷ್ಟು ಬಿಗಿಯಾಗುತ್ತೆ ಅಷ್ಟೇ.

ಯಗಚಿ ದಂಡೆ

ಎರಡು ಪಕ್ಕ ಹಿಂಡುವುದೇ. ಮುಂಭಾಗದ ಪಕ್ಕಗಳಲ್ಲಿ ಎರಡು ಬೆರಳು ಒಳಗೆ ಹೋಗುವುದೇ ಇಲ್ಲ. ಬೆನ್ನು ಮಾತ್ರ ಚೆನ್ನಾಗಿದೆ, ನಡುವೆ ಕಾಲುವೆ ಇದೆ, ಪಕ್ಕೆಲುಬು ಕಾಣಲ್ಲ, ಕೈಗೆ ಸಿಗುತ್ತೆ.

ಪಶುವೈದ್ಯ, ಹಾಸನ

ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸುಲಭವಾಗಿ ಸಿಗುವುದು ಕುದುರೆಯ ಮೈಕಟ್ಟು ಅಳೆಯುವ ಹೆನೆಕೆ ಮಾಪನದಲ್ಲಿ 5ರ ಆಸುಪಾಸು. 1ರಿಂದ 9ರವರೆಗಿನ ಈ ಮಾಪನದಲ್ಲಿ ಜೀನಿಲ್ಲದ ಸವಾರಿಗೆ 5ರಿಂದ 6 ಇರಬೇಕು. 4ಕ್ಕಿಂತ ಕಡಿಮೆ ಇದ್ದರೆ ಬೆನ್ನೆಲುಬಿನ ಮುಳ್ಳುಗಳ ಮೇಲೆ ರಕ್ಷಣೆ ಇರುವುದಿಲ್ಲ.

ಜಾಗದ ಬಗ್ಗೆ ತಿಳಿದಿರಲಿ. ಕುದುರೆಗೆ ಎದೆಭಾಗದ ಕಶೇರುಗಳು 18, ಸೊಂಟದ್ದು ಸಾಮಾನ್ಯವಾಗಿ 6. ಪಕ್ಕೆಲುಬಿನ ಆಸರೆ ಇರುವುದು 18ನೆಯದರವರೆಗೆ ಮಾತ್ರ. ಕೊನೆಯ ಪಕ್ಕೆಲುಬನ್ನು ಬೆರಳಿನಿಂದ ಮೇಲಕ್ಕೆ ಹಿಂಬಾಲಿಸಿ, ಅದು ಬೆನ್ನು ಸೇರುವಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಪ್ಯಾಡಿನಲ್ಲಿ ಕೂತವರು ಗೊತ್ತಿಲ್ಲದೆ ಹಿಂದೆ ಹಿಂದೆ ಜಾರುತ್ತಾರೆ, ಅರ್ಧ ಗಂಟೆಯಲ್ಲಿ ಭಾರ ಸೊಂಟದ ಮೇಲಿರುತ್ತದೆ. ಗುರುತಿನಿಂದ ಒಂದು ಗೇಣು ಮುಂದೆಯೇ ಕೂರಬೇಕು.

ಬೆನ್ನು ಪರೀಕ್ಷೆ ಮೂರು ಹೊತ್ತು ಮಾಡಿ: ಹತ್ತುವ ಮುಂಚೆ, ಇಳಿದು ಅರ್ಧ ಗಂಟೆಗೆ, ಮಾರನೇ ಬೆಳಿಗ್ಗೆ. ಬೆನ್ನೆಲುಬಿನಿಂದ ನಾಲ್ಕೈದು ಸೆಂ.ಮೀ. ಪಕ್ಕಕ್ಕೆ ಮೂರು ಬೆರಳಿನ ತುದಿ ಇಟ್ಟು, ಹೆಗಲಿಂದ ಸೊಂಟದವರೆಗೆ ಒಂದೇ ಒತ್ತಡದಲ್ಲಿ ನಿಧಾನ ಎಳೆಯಿರಿ. ಉಗುರು ತಾಗಬಾರದು. ಸ್ನಾಯು ಅದುರುವುದು, ಬೆನ್ನು ತಗ್ಗಿಸುವುದು, ಕಿವಿ ಹಿಂದಕ್ಕೆ ಮಡಚುವುದು, ಬಾಲ ಬೀಸುವುದು, ಇವು ಎಚ್ಚರಿಕೆ. ಒಂದು ಸಲ ಅದುರಿದರೆ ನೊಣವೋ ಕಚಗುಳಿಯೋ ಇರಬಹುದು. ಒಂದೇ ಜಾಗದಲ್ಲಿ ಮೂರು ಸಲ ಅದುರಿದರೆ ಅಲ್ಲಿ ನೋವಿದೆ. ಮಾರನೇ ಬೆಳಿಗ್ಗೆಯ ಪರೀಕ್ಷೆಯನ್ನೇ ಬಹಳ ಜನ ಬಿಡುತ್ತಾರೆ. ಒತ್ತಡದಿಂದಾದ ಗಾಯ ಹಲವು ಸಲ ಕಾಣಿಸಿಕೊಳ್ಳುವುದು ಆಗಲೇ.

ದೂರದ ಸವಾರಿ ಮುಗಿದ ಕೂಡಲೇ ಪ್ಯಾಡನ್ನು ಕಿತ್ತು ತೆಗೆಯಬೇಡಿ. ಹೊಟ್ಟೆಪಟ್ಟಿ ಎರಡು ಮೂರು ತೂತು ಸಡಿಲಿಸಿ, ಹತ್ತು ಹದಿನೈದು ನಿಮಿಷ ಕೈಯಲ್ಲಿ ಹಿಡಿದು ನಡೆಸಿ, ಆಮೇಲೆ ತೆಗೆಯಿರಿ. ಅದುಮಿದ್ದ ಜಾಗಕ್ಕೆ ರಕ್ತ ನಿಧಾನವಾಗಿ ಮರಳುತ್ತದೆ. ಕುದುರೆ ದಳಗಳ ಹಳೆಯ ಪದ್ಧತಿ ಇದು.

ತೆಗೆದಾಗ ಬೆವರಿನ ಗುರುತು ನೋಡಿ. ಸುತ್ತ ಒದ್ದೆ ಇದ್ದು ನಡುವೆ ಅಂಗೈಯಗಲ ಒಣಗಿದ್ದರೆ ಎರಡು ಸಾಧ್ಯತೆ: ಅಲ್ಲಿ ಪ್ಯಾಡ್ ತಾಗಿಯೇ ಇಲ್ಲ, ಅಥವಾ ಒತ್ತಡ ಹೆಚ್ಚಾಗಿ ಬೆವರು ಗ್ರಂಥಿ ಕೆಲಸ ನಿಲ್ಲಿಸಿದೆ. ಕೂರುವ ಮೂಳೆಯ ನೇರಕ್ಕೆ ಎರಡೂ ಕಡೆ ಒಣ ಮಚ್ಚೆ ಇದ್ದರೆ ಎರಡನೆಯದೇ. ಇದು ಮತ್ತೆ ಮತ್ತೆ ಆದರೆ ಕೂದಲಿನ ಬುಡ ಹಾಳಾಗಿ ಅಲ್ಲಿ ಬಿಳಿ ಕೂದಲು ಬರುತ್ತದೆ, ಆಮೇಲೆ ಬಣ್ಣ ಮರಳುವುದಿಲ್ಲ.

ಮಾರನೇ ದಿನವೇ ವಾಪಸ್ ಬರುವುದು ಬೇಡ. ನಡುವೆ ಒಂದು ಪೂರ್ಣ ದಿನ ಬಿಡಿ.

ಲಾಳ ಲಗಾಮು

ರಿಕಾಪಿನ ಪ್ರಶ್ನೆಗೆ ನೇರ ಉತ್ತರ: ಬೇರ್‌ಬ್ಯಾಕ್ ಪ್ಯಾಡಿಗೆ ರಿಕಾಪು ಬೇಡ. ಬಂದಿದ್ದರೆ ಬಿಚ್ಚಿಡಿ.

ಯಾಕೆ ಅಂದರೆ, ಜೀನಿನಲ್ಲಿ ರಿಕಾಪಿನ ಪಟ್ಟಿ ಚೌಕಟ್ಟಿನ ಕಬ್ಬಿಣಕ್ಕೆ ಸಿಕ್ಕಿರುತ್ತೆ. ಕಾಲು ಊರಿ ಎದ್ದರೆ ಆ ಬಲ ಇಡೀ ಚೌಕಟ್ಟಿಗೆ ಹರಡುತ್ತೆ. ಪ್ಯಾಡಿನಲ್ಲಿ ಚೌಕಟ್ಟೇ ಇಲ್ಲವಲ್ಲ, ರಿಕಾಪಿನ ಪಟ್ಟಿ ಬೆನ್ನೆಲುಬಿನ ಮೇಲೆ ಅಡ್ಡ ಹಾದು ಎರಡೂ ಕಡೆ ನೇತಾಡುತ್ತೆ. ಕಾಲು ಊರಿದಾಗಲೆಲ್ಲ ಎರಡು ಇಂಚು ಅಗಲದ ಪಟ್ಟಿ ಬೆನ್ನೆಲುಬಿನ ಮುಳ್ಳನ್ನೇ ಒತ್ತುತ್ತೆ. ಬರೀ ಬೆನ್ನಿನ ಸವಾರಿಯಲ್ಲಿ ಕೂಡ ಇಷ್ಟು ಕೆಟ್ಟ ಒತ್ತಡ ಇರಲ್ಲ.

ಎರಡನೆಯದು ಜೀವಕ್ಕೆ ಸಂಬಂಧಿಸಿದ್ದು. ಒಂದು ಕಾಲಿಗೆ ಭಾರ ಹೆಚ್ಚಾದರೆ ಪ್ಯಾಡ್ ಹೊಟ್ಟೆಯ ಕಡೆ ಉರುಳುತ್ತೆ. ಜೀನಿನಲ್ಲಿ ರಿಕಾಪಿನ ಪಟ್ಟಿ ಕಳಚಿಕೊಳ್ಳೋ ಹಾಗೆ ಬಾರ್ ಇರುತ್ತೆ, ಅಗ್ಗದ ಪ್ಯಾಡಿನಲ್ಲಿ ನೇರ ಉಂಗುರಕ್ಕೆ ಹೊಲಿದಿರ್ತಾರೆ. ಬಿದ್ದವರ ಪಾದ ಸಿಕ್ಕಿಕೊಂಡರೆ ಕುದುರೆ ಎಳೆದುಕೊಂಡು ಹೋಗುತ್ತೆ.

ರಿಕಾಪು ಬೇಕೇ ಬೇಕು ಅನ್ನುವವರು ಚೌಕಟ್ಟಿಲ್ಲದ ಜೀನು, ಅಂದರೆ ಟ್ರೀಲೆಸ್, ನೋಡಿ. ಅದರಲ್ಲಿ ಬೆನ್ನೆಲುಬಿನ ಎರಡೂ ಕಡೆ ಗಟ್ಟಿ ಮೆತ್ತೆ, ಮುಂದೆ ಕಮಾನು, ರಿಕಾಪಿನ ಬಲ ಹರಡೋಕೆ ಅಗಲ ಪಟ್ಟಿ ಇರುತ್ತೆ. ಅದರ ಕೆಳಗೆ ಸ್ಕಿಟೋ ಥರದ, ಒಳಗೆ ಫೋಮ್ ಪಟ್ಟಿ ಕೂರಿಸೋ ದಪ್ಪ ಪ್ಯಾಡ್ ಹಾಕಲೇಬೇಕು.

ಬಾಳುಪೇಟೆ

ರಿಕಾಪಿನ ವಿಷಯದಲ್ಲಿ ನನ್ನದೂ ಅದೇ ಮಾತು. ಹತ್ತೋದಕ್ಕೆ ಕಟ್ಟೆ, ಬದು, ಮೈಲಿಗಲ್ಲು ಹುಡುಕಿ. ನೆಲದಿಂದ ನೆಗೆದು ಹತ್ತಿದರೆ ಪ್ಯಾಡ್ ಒಂದೇ ಪಕ್ಕಕ್ಕೆ ಎಳೆದುಹೋಗುತ್ತೆ, ಹೆಗಲ ಮೂಳೆಗೂ ಜಗ್ಗುತ್ತೆ.

ಯಗಚಿ ದಂಡೆ

ರಿಕಾಪು ಬಿಟ್ಟೆ. ಹಾಗಾದರೆ ಪ್ಯಾಡ್ ಜಾರದ ಹಾಗೆ ಬಿಗಿಯೋದು ಹೇಗೆ? ಹೊಟ್ಟೆಪಟ್ಟಿ ಎಷ್ಟು ಬಿಗಿ ಇರಬೇಕು?

ಲಾಳ ಲಗಾಮು

ಬಿಗಿ ಜಾಸ್ತಿ ಮಾಡಿದರೆ ಜಾರಲ್ಲ ಅನ್ನೋದೇ ತಪ್ಪು ತಿಳಿವಳಿಕೆ. ಪ್ಯಾಡನ್ನು ನಿಲ್ಲಿಸೋದು ಸವಾರನ ಸಮತೋಲ. ಪಟ್ಟಿ ಸುಮ್ಮನೆ ಜೊತೆಗಿರುತ್ತೆ.

ಹಾಕೋ ಕ್ರಮ ಹೇಳ್ತೀನಿ. ಬೆನ್ನು, ಹೊಟ್ಟೆಪಟ್ಟಿ ಬರೋ ಜಾಗ, ಮುಂಗಾಲಿನ ಸಂದು ಚೆನ್ನಾಗಿ ಬ್ರಷ್ ಮಾಡಿ. ಒಣ ಕೆಸರಿನ ಒಂದು ಕಾಳು ಸಾಕು ಗಾಯಕ್ಕೆ. ಪ್ಯಾಡನ್ನು ಹೆಗಲಿನ ಮೇಲೆ ಒಂದು ಗೇಣು ಮುಂದೆ ಇಟ್ಟು ಕೂದಲ ದಿಕ್ಕಿಗೆ ಹಿಂದೆ ಎಳೆಯಿರಿ, ಹೆಗಲೆಲುಬಿನ ಅಂಚಿನಿಂದ ಎರಡು ಮೂರು ಬೆರಳು ಹಿಂದೆ ನಿಲ್ಲಲಿ. ಮುಂದೆ ತಳ್ಳಬೇಡಿ, ಕೂದಲು ತಿರುಗಿ ಚುಚ್ಚುತ್ತೆ. ಹೆಗಲ ದಿಬ್ಬದ ಮೇಲೆ ಪ್ಯಾಡನ್ನು ಕೈಯಿಂದ ಸ್ವಲ್ಪ ಎತ್ತಿ ಗಾಳಿ ಆಡೋ ಹಾಗೆ ಬಿಡಿ. ಹೊಟ್ಟೆಪಟ್ಟಿ ಮೊಣಕೈಯಿಂದ ನಾಲ್ಕು ಬೆರಳು ಹಿಂದೆ ಬರಬೇಕು, ಬಕಲ್ ಎರಡೂ ಕಡೆ ಒಂದೇ ಎತ್ತರದಲ್ಲಿ ಇರಬೇಕು.

ಬಿಗಿಯೋದು ಮೂರು ಸಲಕ್ಕೆ: ಹಾಕುವಾಗ ಸುಮ್ಮನೆ ತಾಗುವಷ್ಟು, ಹತ್ತು ಹೆಜ್ಜೆ ನಡೆಸಿ ಇನ್ನೊಂದು ತೂತು, ಹತ್ತುವ ಮುಂಚೆ ಕೊನೆಯದು. ಆಮೇಲೆ ಒಂದೊಂದೇ ಮುಂಗಾಲನ್ನು ಮುಂದಕ್ಕೆ ಎಳೆದು ಬಿಡಿ, ಪಟ್ಟಿಯ ಕೆಳಗೆ ಸಿಕ್ಕಿದ ಚರ್ಮ ನೇರ ಆಗುತ್ತೆ. ಪಕ್ಕೆಯ ಹತ್ತಿರ ಎರಡು ಬೆರಳು ಒತ್ತಿ ತೂರುವಷ್ಟು ಸಡಿಲ ಇರಲಿ. ಹೊರಟು ಹತ್ತು ನಿಮಿಷಕ್ಕೆ ಇಳಿದು ಮತ್ತೆ ನೋಡಿ, ಹೊಟ್ಟೆ ಉಬ್ಬಿಸಿಕೊಂಡಿದ್ದ ಕುದುರೆ ಅಷ್ಟೊತ್ತಿಗೆ ಉಸಿರು ಬಿಟ್ಟಿರುತ್ತೆ.

ಮಲೆನಾಡಿನ ಏರಿಗೆ ಎದೆಪಟ್ಟಿ ಬೇಕು. ಇಲ್ಲದಿದ್ದರೆ ಪ್ಯಾಡ್ ಹಿಂದೆ ಹೋಗಿ ಹೊಟ್ಟೆಪಟ್ಟಿ ಮೆತ್ತಗಿನ ಹೊಟ್ಟೆಗೆ ಜಾರುತ್ತೆ, ಕುದುರೆ ಒದೆಯೋಕೆ ಶುರು ಮಾಡುತ್ತೆ. ಎದೆಪಟ್ಟಿಗೂ ಕತ್ತಿನ ಬುಡಕ್ಕೂ ನಡುವೆ ಒಂದು ಮುಷ್ಟಿ ಹೋಗಬೇಕು, ಉಸಿರುನಾಳಕ್ಕೆ ತಾಗಬಾರದು. ಇಳಿಜಾರಿಗೆ ಏನು ಕಟ್ಟಿದರೂ ಪ್ರಯೋಜನ ಕಡಿಮೆ. ಇಳಿದು ನಡೆಯಿರಿ. ಮುಳ್ಳಯ್ಯನಗಿರಿ ಕಡೆಯಂಥ ಇಳಿಜಾರಿನಲ್ಲಿ ಪ್ಯಾಡಿನ ಮೇಲೆ ಕೂತರೆ ಸವಾರನೇ ಹೆಗಲ ದಿಬ್ಬದ ಮೇಲೆ ಬಂದು ಬೀಳ್ತಾನೆ.

ಪ್ಯಾಡಿನ ಉಂಗುರಗಳಿಗೆ ಚೀಲ ಕಟ್ಟಬೇಡಿ. ನೀರು, ಬ್ರಷ್, ಗೊರಸು ಕೆರೆಯುವ ಕೊಕ್ಕೆ, ಹಗ್ಗ, ಬ್ಯಾಂಡೇಜು ಸೊಂಟದ ಚೀಲದಲ್ಲಿ, ಎರಡು ಕೆ.ಜಿ. ಒಳಗೆ. ಹಿಡಿಕೆಗೆ ಕತ್ತಿನ ಸುತ್ತ ಒಂದು ಪಟ್ಟಿ ಹಾಕಿ. ಗಾಬರಿಯಲ್ಲಿ ಲಗಾಮು ಜಗ್ಗಿದರೆ ಕುದುರೆಯ ಬಾಯಿಗೆ ಪೆಟ್ಟು. ಕತ್ತಿನ ಪಟ್ಟಿ, ಜೂಲು, ಎರಡನ್ನೂ ಹಿಡಿಯೋ ಅಭ್ಯಾಸ ಮಾಡ್ಕೊಳ್ಳಿ.

ಅರಸೀಕೆರೆ ಉಣ್ಣೆ

ಕಂಬಳಿ ವಿಷಯಕ್ಕೆ ಬರ್ತೀನಿ. ಕಂಬಳಿ ಒಳ್ಳೇದೇ, ಆದರೆ ತಂದ ಹಾಗೇ ಹಾಕಬೇಡಿ. ಕೈಮಗ್ಗದ ಡೆಕ್ಕನಿ ಉಣ್ಣೆ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿರ್ತಾರೆ, ಅದಕ್ಕೇ ಹೊಸ ಕಂಬಳಿ ಬಿರುಸಾಗಿ ನಿಲ್ಲೋದು. ಆ ಗಂಜಿ ಬೆವರಲ್ಲಿ ನೆನೆದು ಅಂಟಾಗುತ್ತೆ, ಒಣಗಿದಾಗ ಉಪ್ಪುಕಾಗದದ ಥರ ಉಜ್ಜುತ್ತೆ. ತಣ್ಣೀರಲ್ಲಿ ಒಂದು ರಾತ್ರಿ ನೆನೆಸಿ, ತುಳಿದು, ನೀರು ತಿಳಿಯಾಗುವ ತನಕ ಬದಲಾಯಿಸಿ. ಕೆನ್ನೆಗೆ ಉಜ್ಜಿ ನೋಡಿ, ಚುಚ್ಚಿದರೂ ಪರವಾಗಿಲ್ಲ, ಕೆರೆಯಬಾರದು. ಬಿಸಿನೀರು ಬೇಡ, ಉಣ್ಣೆ ಕುಗ್ಗಿ ಗಂಟಾಗುತ್ತೆ.

ಆದರೆ ಬರೀ ಕಂಬಳಿ ನಾಲ್ಕು ಮಡಿಕೆ ಹಾಕಿದರೂ ಅದು ಬೆವರು ಹೀರುತ್ತೆ, ಉಜ್ಜು ತಡೆಯುತ್ತೆ, ಭಾರ ಹಂಚಲ್ಲ. ಮಡಿಕೆಯ ಅಂಚು ಬೆನ್ನೆಲುಬಿನ ಮೇಲೆ ಬಂದರಂತೂ ಅದೇ ಒತ್ತುತ್ತೆ. ಭಾರ ಹಂಚೋಕೆ ಗಟ್ಟಿ ಪದರ ಸೇರಿಸಬೇಕು. ಹೀಗೆ ಹೊಲಿಯಬಹುದು:

ಕೆಳಗೆ ತೊಳೆದ ಕಂಬಳಿ ಎರಡು ಪದರ, 60 ಸೆಂ.ಮೀ. ಉದ್ದ, 90 ಸೆಂ.ಮೀ. ಅಗಲ. ಅದರ ಮೇಲೆ ಬೆನ್ನೆಲುಬಿನ ಎರಡೂ ಕಡೆ ಇವಿಎ ಎಂಬ ಗಟ್ಟಿ ಫೋಮಿನ ಒಂದೊಂದು ಪಟ್ಟಿ: 45 ಸೆಂ.ಮೀ. ಉದ್ದ, 14 ಸೆಂ.ಮೀ. ಅಗಲ, 2.5 ಸೆಂ.ಮೀ. ದಪ್ಪ. ಎರಡು ಪಟ್ಟಿಗಳ ನಡುವೆ 7 ಸೆಂ.ಮೀ. ಖಾಲಿ. ಸವಾರನ ಕೂರುವ ಮೂಳೆಗಳ ನಡುವಿನ ಅಂತರ ಸಾಮಾನ್ಯವಾಗಿ 10ರಿಂದ 13 ಸೆಂ.ಮೀ. ಇರುತ್ತೆ, ಹಾಗಾಗಿ ಅವು ಪಟ್ಟಿಯ ಒಳ ಅಂಚಿನಿಂದ ಒಂದೂವರೆಯಿಂದ ಮೂರು ಸೆಂ.ಮೀ. ಆಚೆಗೆ ಬೀಳ್ತವೆ. ಸಂದು ಇನ್ನೂ ಅಗಲ ಮಾಡಿದರೆ ಸವಾರ ಸಂದಿನೊಳಗೇ ಕೂತು, ಬೆನ್ನೆಲುಬಿನ ಮೇಲೇ ಭಾರ ಬೀಳುತ್ತೆ. ಇನ್ನೂ ಕಿರಿದು ಮಾಡಿದರೆ ಪಟ್ಟಿಯೇ ಎಲುಬಿಗೆ ತಾಗುತ್ತೆ. ಫೋಮಿನ ನಾಲ್ಕೂ ಅಂಚನ್ನು ಚಾಕುವಿನಿಂದ ಓರೆಯಾಗಿ ಕೆತ್ತಿ, ನೇರ ಅಂಚು ಒಂದು ಗೆರೆಯಾಗಿ ಒತ್ತುತ್ತೆ. ಮೇಲೆ ಒಂದು ಪದರ ಕ್ಯಾನ್ವಾಸ್. ಹೊಲಿಗೆ ಎಲ್ಲವೂ ಮೇಲ್ಮುಖಕ್ಕೆ ಇರಲಿ, ಗಂಟು ಕುದುರೆಯ ಕಡೆ ಬರಕೂಡದು.

ಇದರ ಮೇಲೆ ಮೂರಿಂಚಿನ ಸುತ್ತುಪಟ್ಟಿ. ಬೆನ್ನೆಲುಬಿನ ಮೇಲೆ ಹಾದುಹೋಗುವಲ್ಲಿ ಸುತ್ತುಪಟ್ಟಿಯ ಕೆಳಗೂ ಎರಡು ಸಣ್ಣ ಫೋಮ್ ತುಂಡು ಎರಡು ಪಕ್ಕ ಹೊಲಿಯಿರಿ. ಇಲ್ಲದಿದ್ದರೆ ಇಷ್ಟೆಲ್ಲ ಮಾಡಿ, ಕೊನೆಗೆ ಪಟ್ಟಿಯೇ ಎಲುಬಿನ ಮೇಲೆ ಕೂರುತ್ತೆ.

ಫೋಮ್ ಬೇಡ ಅಂದರೆ ಒತ್ತಿ ಮಾಡಿದ ಉಣ್ಣೆಯ ನಮ್ದಾ, ಒಂದು ಇಂಚು ದಪ್ಪದ್ದು. ನೂರಕ್ಕೆ ನೂರು ಉಣ್ಣೆಯೇ ಇರಬೇಕು. ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ: ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಪುಡಿಯಾಗುವ ಬೂದಿ. ಕರಗಿ ಗಟ್ಟಿ ಮಣಿಯಾದರೆ ಸಿಂಥೆಟಿಕ್ ಬೆರೆಸಿದ್ದಾರೆ.

ಕಡೂರು ಬಯಲು

ಬಹಳ ಉಪಯುಕ್ತ ಅಳತೆ. ಒಂದೇ ಮಾತು ಸೇರಿಸುತ್ತೇನೆ: ಇದು ಒತ್ತಡ ತಗ್ಗಿಸುತ್ತೆ, ಚೌಕಟ್ಟಿನಷ್ಟು ಅಲ್ಲ. 15% ಮಿತಿಯನ್ನು ಇದರ ನೆಪದಲ್ಲಿ ಏರಿಸಬೇಡಿ.

ಮೂಡಿಗೆರೆ ತೋಟದಿಂದ

ನಿಯೋಪ್ರೀನ್ ತಳದ ಪ್ಯಾಡ್ ಜಾರಲ್ಲ ಅಂತ ಇಲ್ಲಿ ತುಂಬ ಜನ ತಗೊಳ್ತಾರೆ. ನಮ್ಮ ಹವೆಗೆ ಅದು ಬೇಡ. ಗಾಳಿಯಾಡಲ್ಲ, ಬೆವರು ಅಲ್ಲೇ ನಿಂತು ಚರ್ಮ ಬೆಂದ ಹಾಗಾಗುತ್ತೆ. ಜಾರದೆ ಹಿಡಿದುಕೊಳ್ಳೋದರಿಂದ ಚರ್ಮವನ್ನೇ ಜೊತೆಗೆ ಎಳೆಯುತ್ತೆ. ಮಳೆಗಾಲದಲ್ಲಿ ಬೆನ್ನಿನ ಮೇಲೆ ಬರೋ ಹೊಪ್ಪಳೆ ರೋಗಕ್ಕೆ, ಅದೇ ರೈನ್ ರಾಟ್‌ಗೆ, ಒದ್ದೆ ಪ್ಯಾಡ್ ಒಳ್ಳೆ ಆಶ್ರಯ. ಎರಡು ಪ್ಯಾಡ್ ಇಟ್ಟುಕೊಳ್ಳಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಉಣ್ಣೆ ಪ್ಯಾಡ್ ನೆರಳಲ್ಲಿ ಒಣಗೋಕೆ ಎರಡು ಮೂರು ದಿನವೇ ಬೇಕು. ಒಂದರ ಪ್ಯಾಡನ್ನು ಇನ್ನೊಂದು ಕುದುರೆಗೆ ಹಾಕಬೇಡಿ, ಹುಳಕಡ್ಡಿ ಹಾಗೇ ಹರಡೋದು.

ಡಿಸೆಂಬರ್ ಅಂದಿರಿ. ಅದು ಅರೇಬಿಕಾ ಕಾಫಿ ಹಣ್ಣು ಕೊಯ್ಯೋ ಕಾಲ. ಬೆಳಿಗ್ಗೆ ಏಳೂವರೆಯಿಂದ ತೋಟದ ದಾರಿಯಲ್ಲಿ ಪಿಕಪ್, ಟ್ರ್ಯಾಕ್ಟರ್ ಓಡಾಟ. ಕಣದಲ್ಲಿ ಟಾರ್ಪಾಲು ಪಟಪಟ ಹೊಡೀತಿರುತ್ತೆ, ಹಣ್ಣಿನ ಸಿಪ್ಪೆ ತೆಗೆಯೋ ಪಲ್ಪರ್ ಯಂತ್ರದ ಸದ್ದು, ಲೈನ್ ಮನೆಗಳ ನಾಯಿ. ಕುದುರೆಗೆ ಇವೆಲ್ಲ ಮುಂಚೆಯೇ ಕೈಹಗ್ಗದಲ್ಲಿ ತೋರಿಸಿ ಅಭ್ಯಾಸ ಮಾಡಿಸಿ. ಫೆಬ್ರುವರಿ, ಮಾರ್ಚಿಗೆ ಮುಂದೂಡಿದರೆ ರೋಬಸ್ಟಾಗೆ ಹೂ ನೀರು ಹೊಡೆಯೋ ಸ್ಪ್ರಿಂಕ್ಲರ್ ಇರುತ್ತೆ, ಗಿಡದ ಮರೆಯಿಂದ ಟಕಟಕ ಅಂತ ನೀರು ತಿರುಗಿ ಬಂದರೆ ಎಂಥ ಕುದುರೆಯೂ ಪಕ್ಕಕ್ಕೆ ಹಾರುತ್ತೆ. ಜೀನಿಲ್ಲದವರು ಅಲ್ಲೇ ಬೀಳೋದು. ತೋಟದವರನ್ನು ಕೇಳದೆ ಒಳಗೆ ಹೋಗಬೇಡಿ, ಸೋಲಾರ್ ಬೇಲಿ ಎಲ್ಲೆಲ್ಲಿ ಇದೆ ಅಂತ ಅವರಿಗೇ ಗೊತ್ತು. ಬೇಲೂರು, ಸಕಲೇಶಪುರ, ಆಲೂರು ಕಡೆ ಆನೆ ಓಡಾಟ ಇರುತ್ತೆ, ಹಿಂದಿನ ಸಂಜೆಯೂ ಹೊರಡುವ ಬೆಳಿಗ್ಗೆಯೂ ಅರಣ್ಯ ಇಲಾಖೆಯವರ ಸೂಚನೆ ನೋಡಿಕೊಂಡೇ ಹೊರಡಿ. ಇದು ದಾಕ್ಷಿಣ್ಯ ಮಾಡೋ ವಿಷಯ ಅಲ್ಲ.

ಯಗಚಿ ದಂಡೆ

ಎಲ್ಲರಿಗೂ ಧನ್ಯವಾದ. ಹೋಗೋದೇ ಆದರೆ 25 ಕಿ.ಮೀ. ಹೇಗೆ ಹಂಚಿಕೊಳ್ಳೋದು? ಟ್ರಾಟ್ ಸ್ವಲ್ಪವೂ ಬೇಡವಾ?

ಕಡೂರು ಬಯಲು

ಕೂತು ಟ್ರಾಟ್ ಬೇಡವೇ ಬೇಡ. ಬೆನ್ನಿಗೆ ಅತಿ ಹೆಚ್ಚು ಕುಟ್ಟುವುದು ಅದೇ. ರಿಕಾಪಿಲ್ಲದೆ ಎದ್ದು ಕೂರುವ ಟ್ರಾಟ್ ಮಾಡಬಹುದು, ಆದರೆ ಮಂಡಿ ಬಿಗಿಹಿಡಿದೇ ಏಳಬೇಕಾಗುತ್ತೆ. ಐದು ನಿಮಿಷಕ್ಕೆ ತೊಡೆ ಸೋತು, ಇಳಿಯುವಾಗ ಧೊಪ್ಪೆಂದು ಬೀಳುತ್ತೀರಿ. ನಡಿಗೆಯಲ್ಲೇ ಹೋಗಿ.

ನನ್ನ ಲೆಕ್ಕ: 40 ನಿಮಿಷ ಮೇಲೆ, 15 ನಿಮಿಷ ಕೆಳಗೆ ಇಳಿದು ಜೊತೆಗೆ ನಡಿಗೆ. ಕುದುರೆ ನಡಿಗೆ ಗಂಟೆಗೆ 6 ಕಿ.ಮೀ. ಅಂದರೆ 40 ನಿಮಿಷಕ್ಕೆ 4 ಕಿ.ಮೀ., ನಾವು ನಡೆದರೆ 15 ನಿಮಿಷಕ್ಕೆ ಒಂದು ಕಿ.ಮೀ. ಮೇಲೆ ಸ್ವಲ್ಪ. ಒಂದು ಸುತ್ತಿಗೆ ಸುಮಾರು 5 ಕಿ.ಮೀ., ಐದು ಸುತ್ತು, ನಾಲ್ಕೂವರೆ ಗಂಟೆ. ಅರ್ಧದಾರಿಯಲ್ಲಿ ಪ್ಯಾಡ್ ತೆಗೆದು ಅರ್ಧ ಗಂಟೆ ನೀರು, ಹುಲ್ಲು. ಬೆಳಿಗ್ಗೆ ಆರೂವರೆಗೆ ಹೊರಟರೆ ಹನ್ನೊಂದೂವರೆಗೆ ಮುಟ್ಟಬಹುದು. ಇಳಿದು ನಡೆಯುವ ಆ 15 ನಿಮಿಷವೇ ಬೆನ್ನನ್ನು ಉಳಿಸೋದು. ಸವಾರ ಇಳಿದಾಗ ಅದುಮಿದ್ದ ಸ್ನಾಯುವಿಗೆ ರಕ್ತ ಹರಿಯುತ್ತೆ. ಕುದುರೆ ಚುರುಕಾಗಿದೆ, ಇನ್ನೂ ಹತ್ತು ನಿಮಿಷ ಕೂರೋಣ ಅಂತ ಮುಂದೂಡಬೇಡಿ.

ತಯಾರಿಗೆ ಎಂಟು ವಾರ ಇಟ್ಟುಕೊಳ್ಳಿ. ಮೊದಲು 20 ನಿಮಿಷ, ವಾರಕ್ಕೆ ಮೂರು ದಿನ. ಬೆನ್ನು ಪರೀಕ್ಷೆ ಸರಿ ಇದ್ದರೆ ಮಾತ್ರ ಮುಂದಿನ ವಾರ ಐದು ನಿಮಿಷ ಜಾಸ್ತಿ. ಆರನೇ ವಾರದಿಂದ, ವಾರಕ್ಕೆ ಒಂದು ದಿನ 40-15ರ ಎರಡು ಸುತ್ತು, ಎಂಟನೇ ವಾರ ಮೂರು ಸುತ್ತು. ಮೂರರಲ್ಲಿ ಸೋತರೆ ಐದಕ್ಕೆ ಹೋಗಬೇಡಿ.

ಬಾಳುಪೇಟೆ

ಸವಾರನ ಮೈಗೂ ಸ್ವಲ್ಪ ಹೇಳಿ. ಮಂಡಿ ಹಿಡಿದಷ್ಟೂ ಕುಂಡಿ ಮೇಲೇಳುತ್ತೆ, ಸಮತೋಲ ಹೋಗುತ್ತೆ. ತೊಡೆಯ ಒಳಭಾಗ ಉದ್ದಕ್ಕೂ ಸಡಿಲವಾಗಿ ತಾಗಿರಲಿ, ಮಂಡಿಯಿಂದ ಕೆಳಗೆ ನೇತಾಡಲಿ, ಕಾಲ್ಬೆರಳು ಬಿಗಿಯಬೇಡಿ. ಎಡ ಬಲ ಕೂರುವ ಮೂಳೆಗೆ ಸಮ ಭಾರ ಇದೆಯಾ ಅಂತ ಆಗಾಗ ಗಮನಿಸಿ. ಜೀನ್ಸ್ ಬೇಡ, ಒಳತೊಡೆಯ ದಪ್ಪ ಹೊಲಿಗೆ ಎರಡನೇ ಗಂಟೆಗೆ ಚರ್ಮ ಕಿತ್ತಿರುತ್ತೆ. ಒಳಹೊಲಿಗೆ ಇಲ್ಲದ ಬಿಗಿ ಬ್ರೀಚಸ್, ಹೆಲ್ಮೆಟ್, ಹಿಮ್ಮಡಿ ಇರುವ ಬೂಟು. ರಿಕಾಪಿಲ್ಲದೆ ಕಾಲು ನೇತಾಡಿ ಜೋಮು ಹಿಡಿದಿರುತ್ತೆ, ಇಳಿಯುವಾಗ ಎದೆಯನ್ನು ಕುದುರೆಗೆ ಆನಿಸಿ ಜಾರಿ ಇಳಿಯಿರಿ, ನೆಗೆಯಬೇಡಿ.

ಪಶುವೈದ್ಯ, ಹಾಸನ

ಅರ್ಧದಾರಿಯ ವಿರಾಮದಲ್ಲಿ ನೋಡಬೇಕಾದ್ದು: ನಾಡಿ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44. ಎಫ್‌ಇಐ (ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ) ಎಂಡ್ಯೂರೆನ್ಸ್, ಅಂದರೆ ದೂರದ ಸವಾರಿಯ, ಸ್ಪರ್ಧೆಗಳಲ್ಲಿ ಮುಂದುವರಿಯಲು ಸಾಮಾನ್ಯ ಮಿತಿ 64. ನೀವು ನಡಿಗೆಯಲ್ಲಿ ಬಂದಿರುವುದರಿಂದ ಹತ್ತು ನಿಮಿಷದಲ್ಲಿ 56ಕ್ಕಿಂತ ಕೆಳಗೆ ಬರಬೇಕು. ಎಡ ಮೊಣಕೈಯ ಹಿಂದೆ ಸ್ಟೆತೊಸ್ಕೋಪ್ ಇಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ, "ಲಬ್-ಡಬ್" ಸೇರಿ ಒಂದು. ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಎರಡೂ ಪಕ್ಕೆಯ ಹಿಂದೆ ಕಿವಿ ಇಟ್ಟರೆ ಕರುಳಿನ ಸದ್ದು ಕೇಳಬೇಕು. ಸದ್ದೇ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ವೈದ್ಯರನ್ನು ಕರೆಸಿ. ನೀರು ಸಿಕ್ಕಲ್ಲೆಲ್ಲ ಕುಡಿಸಿ, ನಡಿಗೆಯಲ್ಲಿರುವ ಕುದುರೆಗೆ ನೀರು ತಡೆಯುವ ಅಗತ್ಯವಿಲ್ಲ.

ಯಗಚಿ ದಂಡೆ

ತಯಾರಿಯ ನಡುವೆ ಬೆನ್ನಿನಲ್ಲಿ ಊತ ಕಂಡರೆ? ಪ್ಯಾಡ್ ಬದಲಾಯಿಸಿ ಮುಂದುವರಿಸಬಹುದಾ?

ಪಶುವೈದ್ಯ, ಹಾಸನ

ಇಲ್ಲ. ಊತ ಎದ್ದ ಮೇಲೆ ಯಾವ ಪ್ಯಾಡೂ ಔಷಧಿಯಲ್ಲ. ಮೊದಲ ಒಂದೆರಡು ದಿನ ತಣ್ಣೀರ ಬಟ್ಟೆ, ದಿನಕ್ಕೆ ಮೂರು ನಾಲ್ಕು ಸಲ, 15 ನಿಮಿಷದಂತೆ. ಉಜ್ಜಬೇಡಿ, ಬಿಸಿ ಕೊಡಬೇಡಿ, ಎಣ್ಣೆ ಅರಿಸಿನ ಹಚ್ಚಿ ಮುಚ್ಚಬೇಡಿ. ಕೈಯಲ್ಲಿ ಹಿಡಿದು ನಡೆಸಬಹುದು. ಚರ್ಮ ಒಡೆದಿದ್ದರೆ, ಊತ ಬಿಸಿಯಾಗಿದ್ದರೆ, ಅಥವಾ ಹೆಗಲ ದಿಬ್ಬದ ಮೇಲೆಯೇ ಇದ್ದರೆ ಅದೇ ದಿನ ತೋರಿಸಿ, ದಿಬ್ಬದ ಗಾಯ ಒಳಗೆ ಕೀವಾದರೆ ತಿಂಗಳುಗಟ್ಟಲೆ ವಾಸಿಯಾಗುವುದಿಲ್ಲ. ಹಾಸನದ ಪಶುವೈದ್ಯಕೀಯ ಕಾಲೇಜು ಹತ್ತಿರವೇ ಇದೆ. ಊತ ಪೂರ್ತಿ ಇಳಿದು, ಒತ್ತಿದರೆ ನೋವಿಲ್ಲ ಅಂತಾದ ಮೇಲೂ ಒಂದು ವಾರ ಬಿಟ್ಟು, ಮತ್ತೆ 20 ನಿಮಿಷದಿಂದ ಶುರು ಮಾಡಿ.

ಅರಸೀಕೆರೆ ಉಣ್ಣೆ

ಆ ಊತ ಎಲ್ಲಿತ್ತು ಅಂತ ಪ್ಯಾಡಿನ ತಳದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ ಇಟ್ಟುಕೊಳ್ಳಿ. ಫೋಮಿನ ಒಳ ಅಂಚಿನ ನೇರಕ್ಕೆ ಬಂದಿದ್ದರೆ ಕೆತ್ತಿದ ಓರೆ ಸಾಲದು, ಇನ್ನೂ ಎರಡು ಬೆರಳು ಒಳಗಿಂದ ತೆಳುಮಾಡಿ. ಕೂರುವ ಮೂಳೆಯ ನೇರಕ್ಕಿದ್ದರೆ ಫೋಮೇ ಮೆತ್ತಗಾಯ್ತು, ಗಟ್ಟಿಯದು ಹಾಕಿ. ಒಂದೇ ಪಕ್ಕ ಇದ್ದರೆ ಪ್ಯಾಡನ್ನು ಬಿಚ್ಚಬೇಡಿ, ಮೊದಲು ಸವಾರ ಹೇಗೆ ಕೂರ್ತಾರೆ ಅಂತ ಹಿಂದಿನಿಂದ ವಿಡಿಯೊ ಮಾಡಿ ನೋಡಿ.